ಏಳನೆಯ ವಾರದಲ್ಲಿ ನಿಂತ ಗುಳಿಗೆ: ಮೂರ್ಛೆರೋಗವಿದ್ದ ಗರ್ಭಿಣಿಯೊಬ್ಬಳ ಪ್ರಕರಣ

ಇದು ವಿಜಯಪುರ ಜಿಲ್ಲೆಯ 23 ವರ್ಷದ ಹೆಣ್ಣುಮಗಳೊಬ್ಬಳ ಪ್ರಕರಣ. ಆಕೆಯ ಒಪ್ಪಿಗೆ ಪಡೆದು, ಊರು, ಮನೆತನ ಮತ್ತು ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟು ಅಥವಾ ಬದಲಿಸಿ ಬರೆದಿದ್ದೇನೆ. ಇಲ್ಲಿ ಬರುವ ಔಷಧದ ಪ್ರಮಾಣಗಳು ಆಕೆಯ ದೇಹಕ್ಕೆ, ಆಕೆಯ ಬಗೆಯ ಮೂರ್ಛೆರೋಗಕ್ಕೆ ಹೊಂದಿಸಿದವು. ಇವನ್ನು ನೋಡಿ ಬೇರೆ ಯಾರೂ ತಮ್ಮ ಗುಳಿಗೆಯನ್ನು ತಾವಾಗಿ ಹೆಚ್ಚು ಕಡಿಮೆ ಮಾಡಿಕೊಳ್ಳಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಹಿನ್ನೆಲೆ

ಆಕೆಗೆ 15 ವರ್ಷವಿದ್ದಾಗ ಬೆಳಗಿನ ಹೊತ್ತು ರೊಟ್ಟಿ ತಟ್ಟಲು ಕುಳಿತರೆ ಕೈ ಒಮ್ಮೆಲೇ ಜಗ್ಗಿದಂತಾಗಿ ಹಿಟ್ಟಿನ ಮುದ್ದೆ ಹಾರಿ ಬೀಳುತ್ತಿತ್ತು. ತಾಯಿ ಅದನ್ನು ಮಗಳ ಅಲಕ್ಷ್ಯವೆಂದುಕೊಂಡು ಬೈಯುತ್ತಿದ್ದರು. ವರ್ಷದ ನಂತರ ಊರ ಜಾತ್ರೆಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಬೆಳಿಗ್ಗೆ ಎದ್ದವಳು ಅಂಗಳದಲ್ಲಿಯೇ ಬಿದ್ದು ಮೈಯೆಲ್ಲ ಸೆಟೆದಾಗ ಮನೆಯವರು ಆಸ್ಪತ್ರೆಗೆ ಕರೆತಂದರು. ಹದಿಹರೆಯದಲ್ಲಿ ಶುರುವಾಗುವ, ನಿದ್ದೆಗೆಟ್ಟರೆ ಕೆರಳುವ, ಎಚ್ಚರವಾದ ಅರ್ಧ ಗಂಟೆಯೊಳಗೆ ಕೈ ಜಗ್ಗಿಸುವ ಈ ಬಗೆಯ ಮೂರ್ಛೆರೋಗ ಅಪರೂಪದ್ದಲ್ಲ. ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿ ಪರೀಕ್ಷೆ ಅದನ್ನೇ ದೃಢಪಡಿಸಿತು. ನಮ್ಮ ಹೊರರೋಗಿ ವಿಭಾಗದಲ್ಲಿ ಆಕೆಗೆ ವ್ಯಾಲ್ಪ್ರೊಯೇಟ್ 500 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ ಬರೆದುಕೊಟ್ಟೆವು. ತಿಂಗಳೊಳಗೆ ಫಿಟ್ಸ್ ನಿಂತವು, ಕೈ ಜಗ್ಗುವುದೂ ನಿಂತಿತು.

ಔಷಧ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ನಾವು ಮುಂದಿನದನ್ನು ಯೋಚಿಸಲಿಲ್ಲ. ಆಕೆಯ ಹಳೆಯ ಚೀಟಿಗಳನ್ನು ಈಗ ಒಂದೊಂದಾಗಿ ತೆರೆದು ನೋಡಿದರೆ ಐದು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಬಾರಿ «ಅದೇ ಔಷಧ ಮುಂದುವರಿಸಿ» ಎಂದಿದೆ. ಮದುವೆ, ಬಸಿರು, ಮಗುವಿನ ಬೆನ್ನುಹುರಿಯ ದೋಷ ತಡೆಯಲು ಕೊಡುವ ವಿಟಮಿನ್ ಆದ ಫೋಲಿಕ್ ಆಮ್ಲ ಎಂಬ ಮಾತುಗಳು ಒಂದರಲ್ಲಿಯೂ ಇಲ್ಲ. ಅವುಗಳಲ್ಲಿ ಎರಡರ ಮೇಲೆ ನನ್ನ ಸಹಿ ಇದೆ.

21ನೆಯ ವಯಸ್ಸಿನಲ್ಲಿ ಮದುವೆಯಾಯಿತು. ಕಾಯಿಲೆಯ ವಿಷಯವನ್ನು ತವರಿನವರು ಹೇಳಲಿಲ್ಲ. ಆರು ತಿಂಗಳ ಮೇಲೆ ಗಂಡನಿಗೆ ಆಕೆಯೇ ತಿಳಿಸಿದಳು. ಆತ ತಿಂಗಳಿಗೊಮ್ಮೆ ಪೇಟೆಯಿಂದ ಗುಳಿಗೆ ತಂದುಕೊಡತೊಡಗಿದ. ಅತ್ತೆಗೆ ಗೊತ್ತಾಗದಂತೆ ಆಕೆ ಅದನ್ನು ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಡುತ್ತಿದ್ದಳು. ಬೆಳಗಿನ ಗುಳಿಗೆಯನ್ನು ಬಚ್ಚಲಿಗೆ ಹೋಗುವಾಗ ನುಂಗುತ್ತಿದ್ದಳು, ರಾತ್ರಿಯದು ಕೆಲವೊಮ್ಮೆ ತಪ್ಪುತ್ತಿತ್ತು.

ಸಮಸ್ಯೆ

ಮುಟ್ಟು ನಿಂತು ಬಸಿರು ಖಚಿತವಾದಾಗ ಏಳನೆಯ ವಾರ ನಡೆಯುತ್ತಿತ್ತು. ಅದೇ ವಾರ ಔಷಧದ ಅಂಗಡಿಯಲ್ಲಿ ಗುಳಿಗೆಯ ಪಟ್ಟಿ ನೋಡಿದವರೊಬ್ಬರು, ಇದನ್ನು ನುಂಗಿದರೆ ಮಗು ಅಂಗವಿಕಲವಾಗುತ್ತದೆ ಎಂದು ಆಕೆಯ ಗಂಡನಿಗೆ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಏನಾಗುತ್ತದೆ, ಯಾರನ್ನು ಕೇಳಬೇಕು ಎಂಬ ಉಳಿದರ್ಧವನ್ನು ಯಾರೂ ಹೇಳಲಿಲ್ಲ.

ಆಕೆ ಅಂದೇ ಗುಳಿಗೆ ಬಿಟ್ಟಳು. ಐದನೆಯ ದಿನ ಬೆಳಿಗ್ಗೆ ಒಲೆಯ ಮುಂದಿದ್ದಾಗಲೇ ಕೈ ಜಗ್ಗಿ ರೊಟ್ಟಿ ಬಿತ್ತು. ಎತ್ತಿಕೊಳ್ಳಲು ಬಾಗುವಷ್ಟರಲ್ಲಿ ಫಿಟ್ಸ್ ಬಂದು, ಎಡ ಮುಂಗೈ ಕಾದ ಹಂಚಿಗೆ ತಾಗಿತು. ಅತ್ತೆ ಓಡಿಬಂದು ಎಳೆದುಕೊಳ್ಳದಿದ್ದರೆ ಸುಟ್ಟಗಾಯ ಅಂಗೈಯಗಲದಲ್ಲಿ ನಿಲ್ಲುತ್ತಿರಲಿಲ್ಲ. ಸುತ್ತ ನೆರೆದವರು ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸಿದರು, ಬಾಯಿಯೊಳಗೆ ಚಮಚ ತುರುಕಲು ನೋಡಿದರು. ಇವೆರಡರಿಂದಲೂ ಉಪಯೋಗವಿಲ್ಲ, ಎರಡನೆಯದರಿಂದ ಹಲ್ಲು ಮುರಿಯುತ್ತದೆ, ಉಸಿರು ಕಟ್ಟುತ್ತದೆ. 108 ವಾಹನದಲ್ಲಿ ಬರುವಾಗ ಇನ್ನೊಮ್ಮೆ ಫಿಟ್ಸ್ ಬಂದಿತ್ತು.

ಎಚ್ಚರವಾದ ಮೇಲೆ ಆಕೆ ಹೇಳಿದ ಮಾತನ್ನು ಆ ದಿನದ ಟಿಪ್ಪಣಿಯಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ: «ಕೂಸಿಗಿ ಕೆಡಕ ಆಗ್ತೈತಿ ಅಂದ್ರು, ಅವತ್ತ ಬಿಟ್ಟೆರಿ. ನನಗ ಏನಾದ್ರೂ ಆಗ್ಲಿ, ಕೂಸಿಗಿ ಏನೂ ಆಗಬಾರದ್ರಿ.»

ತಾಯಿಗೆ ಆದದ್ದು ಕೂಸಿಗೂ ಆಗುತ್ತದೆ ಎಂಬುದನ್ನು ಈ ಹುಡುಗಿಗೆ ಯಾರೂ ತಿಳಿಸಿರಲಿಲ್ಲ. ಮೈಯೆಲ್ಲ ಸೆಟೆಯುವ ಫಿಟ್ಸ್‌ನಲ್ಲಿ ತಾಯಿಯ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಗುವಿನ ಹೃದಯಬಡಿತ ನಿಧಾನವಾಗಬಹುದು, ಬಿದ್ದರೆ ಹೊಟ್ಟೆಗೆ ಪೆಟ್ಟು ಬೀಳಬಹುದು. ಫಿಟ್ಸ್ ಒಂದರ ಹಿಂದೊಂದು ಬಂದು ನಿಲ್ಲದೆ ಹೋದರೆ ಎರಡೂ ಜೀವಗಳಿಗೆ ಅಪಾಯ.

ಮೊದಲ ನಿರ್ಧಾರ

ಲೊರಾಜೆಪಾಮ್ ಚುಚ್ಚುಮದ್ದಿನಿಂದ ಫಿಟ್ಸ್ ನಿಂತಿದ್ದವು. ಮುಂದಿದ್ದ ಪ್ರಶ್ನೆ ಒಂದೇ: ಹಳೆಯ ವ್ಯಾಲ್ಪ್ರೊಯೇಟ್ ಮತ್ತೆ ಶುರು ಮಾಡಬೇಕೇ, ಬೇರೆ ಔಷಧಕ್ಕೆ ಹೋಗಬೇಕೇ?

ಗರ್ಭಿಣಿಯರ ಮೂರ್ಛೆರೋಗದ ಔಷಧಗಳ ಕುರಿತು ಹಲವು ದೇಶಗಳಲ್ಲಿ ದಶಕಗಳಿಂದ ನೋಂದಣಿ, ಅಂದರೆ ಯಾವ ಔಷಧ ನುಂಗಿದ ತಾಯಿಯ ಮಗು ಹೇಗಿದೆ ಎಂಬ ದಾಖಲೆ, ನಡೆದಿದೆ. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1998ರಿಂದ ಅಂಥದೊಂದು ನೋಂದಣಿ ಇದೆ. ಅಂತರರಾಷ್ಟ್ರೀಯ ನೋಂದಣಿಯೊಂದರ 2018ರ ಅಂಕಿಗಳಂತೆ, ವ್ಯಾಲ್ಪ್ರೊಯೇಟ್ ಒಂದನ್ನೇ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 10 ಮಕ್ಕಳಲ್ಲಿ ದೊಡ್ಡ ಅಂಗದೋಷ ಕಂಡುಬಂದಿದೆ. ಲೆವೆಟಿರಾಸಿಟಾಮ್ ಮತ್ತು ಲ್ಯಾಮೊಟ್ರಿಜಿನ್ ಎಂಬ ಮೂರ್ಛೆರೋಗದ ಬೇರೆ ಔಷಧಗಳನ್ನು ತೆಗೆದುಕೊಂಡವರಲ್ಲಿ ಅದು ನೂರಕ್ಕೆ 3ರ ಆಸುಪಾಸು. ಯಾವ ಔಷಧವನ್ನೂ ಮುಟ್ಟದ ತಾಯಂದಿರ ಮಕ್ಕಳಲ್ಲಿಯೂ ನೂರಕ್ಕೆ 2ರಿಂದ 3 ಇದ್ದೇ ಇರುತ್ತದೆ. ವ್ಯಾಲ್ಪ್ರೊಯೇಟ್‌ನ ಪ್ರಮಾಣ ಹೆಚ್ಚಿದಂತೆ ಅಪಾಯವೂ ಏರುತ್ತದೆ. ಅದರ ಕೆಡುಕು ಅಂಗರಚನೆಗಷ್ಟೇ ನಿಲ್ಲದೆ ಮಗುವಿನ ಕಲಿಕೆ, ಮಾತು, ಬುದ್ಧಿಯ ಬೆಳವಣಿಗೆಯನ್ನೂ ತಟ್ಟುತ್ತದೆ. ಆ ಪರಿಣಾಮ ಮೊದಲ ಮೂರು ತಿಂಗಳಿಗೆ ಸೀಮಿತವಲ್ಲ. ಯುರೋಪಿನಲ್ಲಿ 2018ರಿಂದ, ಬೇರೆ ಯಾವ ಔಷಧವೂ ಕೈಹಿಡಿಯದ ಹೊರತು, ಮೂರ್ಛೆರೋಗದ ಗರ್ಭಿಣಿಯರಿಗೆ ಇದನ್ನು ಕೊಡಬಾರದೆಂಬ ನಿಯಮವಿದೆ.

ಇನ್ನೊಂದು ಕಡೆಯ ಲೆಕ್ಕವೂ ಇತ್ತು. ಮಗುವಿನ ಬೆನ್ನುಹುರಿ ಮತ್ತು ಮಿದುಳಿಗೆ ಮೂಲವಾದ ನರನಾಳ ಗರ್ಭ ಕಟ್ಟಿದ 28ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕೊನೆಯ ಮುಟ್ಟಿನಿಂದ ಎಣಿಸಿದರೆ ಅದು ಆರನೆಯ ವಾರ. ಅಂದರೆ ಆಕೆ ಏಳನೆಯ ವಾರದಲ್ಲಿ ಗುಳಿಗೆ ಬಿಟ್ಟಾಗ ನರನಾಳದ ಮಟ್ಟಿಗೆ ಆಗಬೇಕಾದದ್ದು ಆಗಿಹೋಗಿತ್ತು. ಆ ಒಂದು ಭಯಕ್ಕಾಗಿ ಬಿಟ್ಟ ಗುಳಿಗೆಯಿಂದ ಆ ಭಯ ಒಂದಿಷ್ಟೂ ಕಡಿಮೆಯಾಗಲಿಲ್ಲ, ಕೈ ಮಾತ್ರ ಸುಟ್ಟಿತು. ಹೃದಯ, ಅಂಗುಳ ರೂಪುಗೊಳ್ಳುವ ಕಾಲ ಇನ್ನೂ ಮುಗಿದಿರಲಿಲ್ಲ.

ಐದು ದಿನದಿಂದ ಆಕೆ ವ್ಯಾಲ್ಪ್ರೊಯೇಟ್ ನುಂಗಿರಲಿಲ್ಲವಾದ್ದರಿಂದ ಅದನ್ನು ಮತ್ತೆ ತರದೆ ಲೆವೆಟಿರಾಸಿಟಾಮ್ ಆರಿಸಿದೆವು. ಲ್ಯಾಮೊಟ್ರಿಜಿನ್ ಗರ್ಭಿಣಿಯರಿಗೆ ಒಳ್ಳೆಯ ಔಷಧವೇ ಆದರೂ, ಮೈಮೇಲೆ ಅಪಾಯಕಾರಿ ದದ್ದು ಏಳದಂತೆ ಅದನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಮತ್ತು ಈ ಬಗೆಯ ಕಾಯಿಲೆಯಲ್ಲಿ ಕೆಲವರಿಗೆ ಕೈ ಜಗ್ಗುವುದನ್ನು ಅದೇ ಹೆಚ್ಚಿಸುತ್ತದೆ. ಲೆವೆಟಿರಾಸಿಟಾಮ್ ಅನ್ನು ಅಂದೇ ಡ್ರಿಪ್‌ನಲ್ಲಿ ಕೊಡಬಹುದಿತ್ತು. 500 ಮಿ.ಗ್ರಾಂ. ಎರಡು ಹೊತ್ತು ಎಂದು ಶುರು ಮಾಡಿ ಹತ್ತನೆಯ ವಾರಕ್ಕೆ 750ಕ್ಕೆ ಏರಿಸಿದೆವು. ಜೊತೆಗೆ ದಿನಕ್ಕೆ 5 ಮಿ.ಗ್ರಾಂ. ಫೋಲಿಕ್ ಆಮ್ಲ. ನರನಾಳ ಮುಚ್ಚಿದ ಮೇಲೆ ಕೊಟ್ಟ ಫೋಲಿಕ್ ಆಮ್ಲ ಹಿಂದಕ್ಕೆ ಹೋಗಿ ಕಾಯುವುದಿಲ್ಲ ಎಂಬುದನ್ನು ಗಂಡ ಹೆಂಡಿರಿಬ್ಬರಿಗೂ ಮುಚ್ಚಿಡದೆ ಹೇಳಿದೆವು.

ವ್ಯಾಲ್ಪ್ರೊಯೇಟ್ ನುಂಗುತ್ತಲೇ, ಫಿಟ್ಸ್ ಇಲ್ಲದೆ, ಎಂಟನೆಯ ವಾರದಲ್ಲಿ ಆಕೆ ನಡೆದುಕೊಂಡು ಬಂದಿದ್ದರೆ ನಿರ್ಧಾರ ಇಷ್ಟು ಸಲೀಸಾಗಿರುತ್ತಿರಲಿಲ್ಲ. ಬಸಿರಿನ ನಡುವೆ ಔಷಧ ಬದಲಿಸುವುದರಲ್ಲಿಯೂ ಅಪಾಯವಿದೆ. ಆಗ ನರರೋಗ ತಜ್ಞರ ಕೈಕೆಳಗೆ, ಹೊಸದನ್ನು ಏರಿಸುತ್ತ ಹಳೆಯದನ್ನು ಇಳಿಸಬೇಕಾಗುತ್ತಿತ್ತು.

ಅತ್ತೆಯ ಮಾತು

ಆಸ್ಪತ್ರೆಗೆ ಸೇರಿಸಿದ ದಿನ ಅತ್ತೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಮನೆಯಲ್ಲಿ ಕಂಡದ್ದರಿಂದ ಅವರಿಗೆ ಅರ್ಧ ಅರ್ಥವಾಗಿತ್ತು. ಅವರಿಗೆ ಪೂರ್ತಿ ಹೇಳಬೇಕೇ ಎಂದು ಮೊದಲು ರೋಗಿಯನ್ನೇ ಕೇಳಿದೆವು, ಆಕೆಯ ಒಪ್ಪಿಗೆಯಿಲ್ಲದೆ ಹೇಳುವ ಹಕ್ಕು ನಮಗಿರಲಿಲ್ಲ. ಎರಡು ದಿನ ಬೇಡವೆಂದಳು. ಮೂರನೆಯ ದಿನ, ನೀವೇ ಹೇಳಿರಿ, ನಾನು ಪಕ್ಕದಲ್ಲಿ ಕೂಡುತ್ತೇನೆ ಎಂದಳು.

ಅತ್ತೆ ಕೊನೆಯವರೆಗೂ ಸುಮ್ಮನೆ ಕೇಳಿ ಹೇಳಿದರು: «ರೋಗ ಯಾರಿಗಿ ಬರೂದಿಲ್ರಿ? ಅದಕ್ಕ ನನಗ ಸಿಟ್ಟಿಲ್ಲ. ಎರಡು ವರ್ಷ ನನ್ನ ಮನ್ಯಾಗ ಇದ್ದು ನನಗ ಹೇಳಲಿಲ್ಲಲ್ಲ, ಅದಕ್ಕ ಸಿಟ್ಟೈತಿ.»

ಆ ಸಿಟ್ಟು ಬೇಗ ಇಳಿಯಲಿಲ್ಲ. ಬೀಗರ ನಡುವೆ ಮಾತುಕತೆ ನಡೆದು, ಸಂಬಂಧಿಯೊಬ್ಬರು ಫಿಟ್ಸ್ ಇದ್ದವರ ಮದುವೆ ಕಾನೂನಿನಲ್ಲಿ ಊರ್ಜಿತವೇ ಅಲ್ಲ ಎಂದೂ ಹೇಳಿದ್ದರು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಮೂರ್ಛೆರೋಗವಿದ್ದರೆ ಮದುವೆಯನ್ನು ರದ್ದುಗೊಳಿಸಬಹುದೆಂಬ ಮಾತು ಹಿಂದೆ ಇದ್ದದ್ದು ನಿಜ, ಆದರೆ 1999ರ ತಿದ್ದುಪಡಿಯಲ್ಲಿ ಮೂರ್ಛೆರೋಗವನ್ನು ಅಲ್ಲಿಂದ ತೆಗೆದುಹಾಕಲಾಗಿದೆ. ಇದನ್ನು ಗಂಡನಿಗೆ ತಿಳಿಸಿದಾಗ ಆತನ ಮುಖದಲ್ಲಿ ಕಂಡ ನಿರಾಳವನ್ನು ನೋಡಿ, ವೈದ್ಯರಾದ ನಾವು ಈ ಕಾನೂನಿನ ಮಾತನ್ನೂ ತಿಳಿದಿರಬೇಕೆಂದು ನನಗೆ ಅನ್ನಿಸಿತು.

ಔಷಧ ಬದಲಾದದ್ದಕ್ಕಿಂತಲೂ ಈ ಪ್ರಕರಣವನ್ನು ತಿರುಗಿಸಿದ್ದು ಆ ದಿನದ ಮಾತುಕತೆ ಎಂದೇ ನಾನು ತಿಳಿದಿದ್ದೇನೆ. ಗುಳಿಗೆ ಟ್ರಂಕಿನಿಂದ ಹೊರಬಂದು ಅಡುಗೆಮನೆಯ ಮಾಡಿನಲ್ಲಿ ಚಹಾಪುಡಿಯ ಡಬ್ಬಿಯ ಪಕ್ಕ ಕೂತಿತು. ಬೆಳಗಿನ ರೊಟ್ಟಿಯನ್ನು ಅತ್ತೆ ತಾವೇ ತಟ್ಟತೊಡಗಿದರು. ಸೊಸೆಗೆ ಒಲೆಯಿಂದ ದೂರದ ಕೆಲಸ ಸಿಕ್ಕಿತು. ಬಚ್ಚಲಿನ ಅಗಳಿಯನ್ನು ಒಳಗಿನಿಂದ ಹಾಕುವುದು ನಿಂತಿತು.

ನಡುವಿನ ತಿಂಗಳುಗಳು

ಹದಿನೈದನೆಯ ವಾರದಲ್ಲಿ ಬೆಳಿಗ್ಗೆ ಕೈ ಜಗ್ಗುವುದು ಮತ್ತೆ ಕಾಣಿಸಿತು. ಗಂಡ ಗೋಡೆಯ ಕ್ಯಾಲೆಂಡರಿನಲ್ಲಿ ಅಂಥ ದಿನಗಳಿಗೆ ಕೆಂಪು ಗುರುತು ಹಾಕುತ್ತಿದ್ದ. ಒಂದೇ ವಾರದಲ್ಲಿ ನಾಲ್ಕು ಗುರುತು. ಇದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ವಾಂತಿ: ನುಂಗಿದ ಹತ್ತು ನಿಮಿಷದಲ್ಲಿ ಗುಳಿಗೆ ಹೊರಬರುತ್ತಿತ್ತು, ಮತ್ತೆ ನುಂಗಬೇಕೆಂದು ನಾವು ಹೇಳಿರಲಿಲ್ಲ. ಎರಡನೆಯದು ಬಸಿರಿನ ದೇಹಧರ್ಮ: ರಕ್ತದ ಪ್ರಮಾಣ ಹೆಚ್ಚಾಗಿ, ಮೂತ್ರಪಿಂಡಗಳು ಚುರುಕಾಗಿ, ಲೆವೆಟಿರಾಸಿಟಾಮ್ ಮೊದಲ ತಿಂಗಳುಗಳಿಂದಲೇ ದೇಹದಿಂದ ಬೇಗ ಹೊರಹೋಗುತ್ತದೆ. ಲ್ಯಾಮೊಟ್ರಿಜಿನ್‌ನಲ್ಲಿಯೂ ಹೀಗೆಯೇ ಮಟ್ಟ ಇಳಿಯುತ್ತದೆ. ಬಸಿರಿಗೆ ಮುಂಚೆ ಸಾಕಾಗುತ್ತಿದ್ದ ಪ್ರಮಾಣ ಬಸಿರಿನಲ್ಲಿ ಸಾಲದೇ ಹೋಗುವುದಕ್ಕೆ ಇದೇ ಕಾರಣ. ರಕ್ತದಲ್ಲಿನ ಔಷಧದ ಮಟ್ಟ ಅಳೆಯುವ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ, ಹೊರಗೆ ಕಳಿಸಿದರೆ ವರದಿ ಬರಲು ದಿನಗಳು ಹಿಡಿಯುತ್ತಿದ್ದವು. ಕ್ಯಾಲೆಂಡರಿನ ಕೆಂಪು ಗುರುತನ್ನೇ ನಂಬಿ ಪ್ರಮಾಣವನ್ನು 1000 ಮಿ.ಗ್ರಾಂ. ಎರಡು ಹೊತ್ತಿಗೆ ಏರಿಸಿ, ವಾಂತಿಗೆ ಔಷಧ ಕೊಟ್ಟೆವು. ಗುರುತುಗಳು ನಿಂತವು.

ಹತ್ತೊಂಬತ್ತನೆಯ ವಾರದ ಸ್ಕ್ಯಾನ್‌ನಲ್ಲಿ ಬೆನ್ನುಹುರಿ, ತುಟಿ, ಕೈಕಾಲು ಸರಿಯಾಗಿದ್ದವು. ನಂತರ ಮಾಡಿದ ಹೃದಯದ ಸ್ಕ್ಯಾನ್‌ನಲ್ಲಿಯೂ ದೋಷ ಕಾಣಲಿಲ್ಲ. ಪ್ರತಿ ತಿಂಗಳ 9ನೇ ತಾರೀಖಿನ ಸುರಕ್ಷಿತ ಮಾತೃತ್ವ ತಪಾಸಣೆಗೆ ಆಶಾ ಕಾರ್ಯಕರ್ತೆ ತಪ್ಪದೆ ಕರೆತಂದರು.

ಲೆವೆಟಿರಾಸಿಟಾಮ್ ಕೆಲವರಲ್ಲಿ ಸಿಡುಕು, ಅಳು, ಬೇಸರ ತರುತ್ತದೆ. ಸೊಸೆ ಎದುರುತ್ತರ ಕೊಡುತ್ತಿದ್ದಾಳೆಂದು ಅತ್ತೆ ದೂರಿದಾಗ ಅದು ಗುಳಿಗೆಯ ಗುಣವೂ ಇರಬಹುದೆಂದು ವಿವರಿಸಿದೆವು, ಮತ್ತು ಅಂದಿನಿಂದ ಪ್ರತಿ ಭೇಟಿಯಲ್ಲಿ ಆಕೆಯ ಮನಸ್ಸಿನ ಸ್ಥಿತಿಯನ್ನು ಬೇರೆಯಾಗಿ ಕೂರಿಸಿಕೊಂಡು ಕೇಳತೊಡಗಿದೆವು.

ತವರಿಗೆ ಹೋದಾಗ

ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ ಮುಗಿಸಿ ಆಕೆಯನ್ನು ತವರಿಗೆ ಕರೆದೊಯ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ವಾಡಿಕೆ, ನಮಗದು ಗೊತ್ತೂ ಇತ್ತು. ಆದರೂ ಗುಳಿಗೆ ಎಲ್ಲಿಂದ ಬರುತ್ತದೆ ಎಂದು ನಾವು ಕೇಳಲಿಲ್ಲ.

32ನೆಯ ವಾರದಲ್ಲಿ ಆಕೆಯ ಗಂಡ ಫೋನ್ ಮಾಡಿ, ನಾಲ್ಕು ದಿನದಿಂದ ಮತ್ತೆ ಕೈ ಜಗ್ಗುತ್ತಿದೆ, ಗುಳಿಗೆ ಒಂದೂ ತಪ್ಪಿಲ್ಲ ಎಂದ. ಗುಳಿಗೆಯ ಪಟ್ಟಿಯ ಫೋಟೋ ಕಳಿಸಲು ಹೇಳಿದೆ. ಹಿಂದುಗಡೆಯ ಬೆಳ್ಳಿ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ 250 ಎಂದಿತ್ತು. ತವರಿನ ಹತ್ತಿರದ ಅಂಗಡಿಯಲ್ಲಿ 500ರ ಗುಳಿಗೆ ಇರಲಿಲ್ಲ; ಅದೇ ಔಷಧದ ಬೇರೆ ಕಂಪನಿಯ 250ರ ಪಟ್ಟಿ ಕೊಟ್ಟಿದ್ದರು. ನಮ್ಮ ಚೀಟಿಯಲ್ಲಿ «ಬೆಳಿಗ್ಗೆ ಎರಡು, ರಾತ್ರಿ ಎರಡು» ಎಂದು ಬರೆದಿತ್ತು. ಆಕೆ ಬರೆದಂತೆಯೇ ಎರಡೆರಡು ನುಂಗಿದ್ದಳು, ದೇಹಕ್ಕೆ ಹೋದದ್ದು ಅರ್ಧ. ಅಂಗಡಿಯವರು ಹೇಳಬೇಕಿತ್ತು, ಸರಿ. ಆದರೆ ಹೊತ್ತಿಗೆ 1000 ಮಿ.ಗ್ರಾಂ. ಎಂದು ನಾವು ಬರೆದಿದ್ದರೆ ಅಲ್ಲಿ ಲೆಕ್ಕ ತಪ್ಪಲು ಆಸ್ಪದವೇ ಇರುತ್ತಿರಲಿಲ್ಲ.

ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ಮತ್ತು ಮೂತ್ರ ತೋರಿಸಲು ಹೇಳಿದೆ. ರಕ್ತದೊತ್ತಡ 118/76 ಇತ್ತು, ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ಇದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಬಸಿರಿನ ಇಪ್ಪತ್ತನೆಯ ವಾರದ ನಂತರ ಯಾವ ಹೆಣ್ಣಿಗೆ ಫಿಟ್ಸ್ ಬಂದರೂ, ಹಳೆಯ ಮೂರ್ಛೆರೋಗ ಇದೆಯೆಂದು ಗೊತ್ತಿದ್ದರೂ, ರಕ್ತದೊತ್ತಡ ಏರಿ ಬರುವ ಗರ್ಭಿಣಿಯರ ನಂಜು ಅಲ್ಲವೆಂದು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಅದಕ್ಕೆ ಬೇಕಾದದ್ದು ಮೆಗ್ನೀಸಿಯಂ ಸಲ್ಫೇಟ್ ಮತ್ತು ಹೆರಿಗೆಯ ತೀರ್ಮಾನ. ಮೂರ್ಛೆರೋಗದ ಗುಳಿಗೆ ಏರಿಸುತ್ತ ಕುಳಿತರೆ ತಾಯಿ ಕೈತಪ್ಪುತ್ತಾಳೆ.

ಎರಡು ತಿಂಗಳಿಗಾಗುವಷ್ಟು 500ರ ಗುಳಿಗೆಯನ್ನು ಗಂಡ ಮರುದಿನವೇ ಒಯ್ದುಕೊಟ್ಟ. ತಾಯಿ ಕಾರ್ಡಿನ ಒಳಬದಿಯಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದೆವು: ಔಷಧದ ಹೆಸರು, ಹೊತ್ತಿಗೆ ಎಷ್ಟು ಮಿ.ಗ್ರಾಂ., ಹೆರಿಗೆ ನೋವು ಬಂದಾಗಲೂ ನಿಲ್ಲಿಸಬಾರದು, ಬಾಯಿಂದ ಆಗದಿದ್ದರೆ ಅದೇ ಪ್ರಮಾಣವನ್ನು ರಕ್ತನಾಳದ ಮೂಲಕ ಕೊಡಬೇಕು.

ಹೆರಿಗೆ ಮತ್ತು ಬಾಣಂತನ

38ನೆಯ ವಾರದಲ್ಲಿ ನಡುರಾತ್ರಿ ನೋವು ಶುರುವಾಯಿತು. ಮೂರ್ಛೆರೋಗ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ, ಸಹಜ ಹೆರಿಗೆಗೇ ಕಾದರು. ಬೆಳಿಗ್ಗೆ ಏಳು ಗಂಟೆಗೆ, ಬಾಯಿಗೆ ಏನನ್ನೂ ಕೊಡಬೇಡಿ ಎಂದು ಹೇಳಿದ್ದರಿಂದ ಗುಳಿಗೆಯೂ ನಿಂತಿತ್ತು. ಆಗ ತಾಯಿ ಕಾರ್ಡ್ ತೆರೆದು ಆ ಸಾಲನ್ನು ದಾದಿಯ ಮುಂದೆ ಹಿಡಿದವರು ಅತ್ತೆ. ಅವರಿಗೆ ಓದಲು ಬರುವುದಿಲ್ಲ, ದಪ್ಪ ಅಕ್ಷರ ಎಲ್ಲಿದೆಯೆಂದು ಗೊತ್ತಿತ್ತು. ಔಷಧ ಡ್ರಿಪ್‌ನಲ್ಲಿ ಹೋಯಿತು. ಹತ್ತೂವರೆಗೆ 2.7 ಕಿ.ಗ್ರಾಂ. ತೂಕದ ಹೆಣ್ಣುಮಗು ಹುಟ್ಟಿತು. ಎಲ್ಲ ನವಜಾತ ಶಿಶುಗಳಿಗೆ ಕೊಡುವಂತೆ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟು, ಒಂದು ಗಂಟೆಯೊಳಗೆ ಎದೆಹಾಲಿಗೆ ಹಾಕಿದರು.

ಹಾಲಿನ ಮೂಲಕ ಔಷಧ ಕೂಸಿಗೆ ಹೋಗುತ್ತದೆಂದು ಎದೆಹಾಲು ಬಿಡಿಸುವ ಮಾತು ತವರಿನಲ್ಲಿ ಎದ್ದಿತು. ಅಲ್ಪ ಅಂಶ ಹೋಗುವುದು ನಿಜ, ಅದರಿಂದ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಮಗು ಅತಿಯಾಗಿ ಮಂಕಾಗಿದೆಯೇ, ಹಾಲು ಸರಿಯಾಗಿ ಕುಡಿಯುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ನೋಡಿದರೆ ಸಾಕು.

ನಮಗೆ ಹೆಚ್ಚು ಚಿಂತೆ ಇದ್ದದ್ದು ನಿದ್ದೆಯದು. ಈ ಬಗೆಯ ಮೂರ್ಛೆರೋಗದಲ್ಲಿ ಗುಳಿಗೆ ತಪ್ಪಿದಷ್ಟೇ ಅಪಾಯ ನಿದ್ದೆ ತಪ್ಪಿದರೂ ಇದೆ. ರಾತ್ರಿಯ ಒಂದು ಹಾಲೂಡಿಕೆಯನ್ನು, ಮೊದಲೇ ಹಿಂಡಿಟ್ಟ ಎದೆಹಾಲಿನಿಂದ ಒಳಲೆಯಲ್ಲಿ, ಆಕೆಯ ತಾಯಿ ವಹಿಸಿಕೊಂಡರು. ಆಕೆ ನೆಲದ ಮೇಲೆ ಚಾಪೆಯಲ್ಲಿ, ಗೋಡೆಗೆ ಒರಗಿ ಕುಳಿತೇ ಹಾಲೂಡಿಸುತ್ತಿದ್ದಳು. ಕೂಸಿಗೆ ಎರೆಯುವಾಗ ಒಬ್ಬಳೇ ಇರುವಂತಿರಲಿಲ್ಲ. ಹೆರಿಗೆಯ ನಂತರ ಕೆಲವೇ ವಾರಗಳಲ್ಲಿ ದೇಹ ಬಸಿರಿಗೆ ಮುಂಚಿನ ಸ್ಥಿತಿಗೆ ಮರಳುವುದರಿಂದ ಏರಿಸಿದ್ದ ಪ್ರಮಾಣ ಈಗ ಅತಿಯಾಗಬಹುದು. ಮೂರನೆಯ ವಾರದ ಹೊತ್ತಿಗೆ ಅದನ್ನು ಹಂತಹಂತವಾಗಿ 750 ಮಿ.ಗ್ರಾಂ. ಎರಡು ಹೊತ್ತಿಗೆ ಇಳಿಸಿದೆವು. ನಿದ್ದೆಗೆಡುವ ಕಾಲವಾದ್ದರಿಂದ ಅದಕ್ಕಿಂತ ಕೆಳಗೆ ಹೋಗಲಿಲ್ಲ.

ಇದರಿಂದ ನಮ್ಮಲ್ಲಿ ಬದಲಾದದ್ದು

ಹೊಟ್ಟೆಯಲ್ಲಿ ಕೂಸಿದ್ದಾಗ ಮಾಡಿದ ನಿರ್ಧಾರಗಳನ್ನು ತಿರುಗಿ ನೋಡಿದರೆ, ಅವುಗಳಲ್ಲಿ ಅರ್ಧವನ್ನು ಆಕೆಗೆ 16 ವರ್ಷವಿದ್ದಾಗಲೇ ಮಾಡಬಹುದಿತ್ತು. ಅಂದು ಲೆವೆಟಿರಾಸಿಟಾಮ್ ಕೊಟ್ಟು ನೋಡಬಹುದಿತ್ತು. ವ್ಯಾಲ್ಪ್ರೊಯೇಟ್ ಬೇಕೇ ಬೇಕಾಗಿದ್ದರೆ, ಮದುವೆಗೆ ಆರು ತಿಂಗಳ ಮುಂಚೆ ಬಂದು ಕಾಣಬೇಕೆಂಬ ಒಂದು ಸಾಲನ್ನು ಚೀಟಿಯ ಮೇಲೆ ಬರೆಯಬಹುದಿತ್ತು. ಹದಿಹರೆಯದ ಹುಡುಗಿಯ ಮುಂದೆ ಬಸಿರಿನ ಮಾತೆತ್ತಲು ನಮಗೆ ಸಂಕೋಚವಿತ್ತು, ತಾಯಿ ತಂದೆಗೂ ಇತ್ತು. ಈಗ ವ್ಯಾಲ್ಪ್ರೊಯೇಟ್ ಮೇಲಿರುವ ಪ್ರತಿ ಹುಡುಗಿಯ ಚೀಟಿಯನ್ನು ವರ್ಷಕ್ಕೊಮ್ಮೆ ತೆಗೆದು, ಇದೇ ಬೇಕೇ ಎಂದು ಕೇಳಿಕೊಳ್ಳುತ್ತೇವೆ. ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, «ಗುಳಿಗಿ ಬಿಡಬ್ಯಾಡ್ರಿ, ಬಸರು ಬೇಕನಿಸಿದಾಗ ಮೊದಲು ಇಲ್ಲಿ ಬರ್ರಿ» ಎಂದು ಅವರ ಮಾತಿನಲ್ಲಿಯೇ ಹೇಳುತ್ತೇವೆ. ಚೀಟಿಯಲ್ಲಿ ಗುಳಿಗೆಯ ಸಂಖ್ಯೆಯ ಜೊತೆಗೆ ಹೊತ್ತಿನ ಮಿ.ಗ್ರಾಂ. ಬರೆಯುವುದು ಕಡ್ಡಾಯವಾಗಿದೆ. ಏಳನೆಯ ತಿಂಗಳಲ್ಲಿ, ತವರು ಯಾವುದು, ಅಲ್ಲಿ ಔಷಧ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೇವೆ.

ಮಗುವಿಗೆ ಈಗ ಎರಡು ವರ್ಷ ದಾಟಿದೆ. ಹನ್ನೆರಡನೆಯ ತಿಂಗಳಲ್ಲಿ ಹೆಜ್ಜೆಯಿಟ್ಟಿತು, ಎರಡೆರಡು ಪದ ಜೋಡಿಸಿ ಮಾತಾಡುತ್ತದೆ. ಮೊದಲ ಏಳು ವಾರ ವ್ಯಾಲ್ಪ್ರೊಯೇಟ್‌ನ ನೆರಳಿನಲ್ಲಿ ಕಳೆದ ಮಗುವಾದ್ದರಿಂದ ಶಾಲೆಗೆ ಸೇರುವವರೆಗೂ ಆರು ತಿಂಗಳಿಗೊಮ್ಮೆ ಬೆಳವಣಿಗೆಯ ತಪಾಸಣೆಗೆ ಕರೆತರಲು ಹೇಳಿದ್ದೇವೆ. ಆಕೆ ಕಾಪರ್-ಟಿ ಹಾಕಿಸಿಕೊಂಡಿದ್ದಾಳೆ. ಕಳೆದ ಸಲ ಬಂದಾಗ ಎರಡನೆಯ ಮಗುವಿನ ಮಾತೆತ್ತಿ, ಕಾಪರ್-ಟಿ ತೆಗೆಸುವುದಕ್ಕೆ ಎಷ್ಟು ತಿಂಗಳ ಮುಂಚೆ ಫೋಲಿಕ್ ಆಮ್ಲ ಶುರು ಮಾಡಬೇಕು ಎಂದು ಕೇಳಿದಳು. ಮೂರು ತಿಂಗಳ ಮುಂಚೆ ಎಂದು ಹೇಳಿದೆ. ಅತ್ತೆ ಅದನ್ನು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಕೊಂಡರು.